ಭಾನುವಾರದ ಕಾರ್ನ್‌ಫ್ಲೇಕ್ಸ್

ಅಮ್ಮಾವ್ರ ಕಾರ್ಯ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲೆ ಬಂದ ಮೊದಲ ಭಾನುವಾರ ಅದು. ಹೆಂಡತಿಯನ್ನು ಕಳೆದುಕೊಂಡ ರಿಟೈರ್ಡ್ ಡಿವೈಎಸ್ಪಿ ಪಾಲಾಕ್ಷಪ್ಪನವರ ಮುಂದಿಟ್ಟ ಇಡ್ಲಿ ಅಂದೂ ಹಾಗೇ ಆರಿತು. ಅಡುಗೆಯಾಕೆ ತಟ್ಟೆ ಎತ್ತಲು ಬಂದಳು. ಮೂಲೆಯಲ್ಲಿ ಅಮ್ಮಾವ್ರ ನಾಯಿ ಚಿನ್ನಿಗೆ ಹಾಕಿದ ಅನ್ನವೂ ಹಾಗೇ ಇತ್ತು.

ಸಾಹೇಬರು ಗುಡುಗಿದರು. "ಮೂಕಪ್ರಾಣೀನ ಉಪವಾಸ ಕೆಡವ್ತಿದೀಯಾ? ಈಗಿಂದೀಗಲೇ ಅದು ತಿನ್ನಬೇಕು. ಇಲ್ಲಾಂದ್ರೆ ಇವತ್ತಿಗೆ ನಿನ್ನ ಕೆಲಸ ಮುಗೀತು!"

ಆಕೆ ಬಟ್ಟಲ ತುಂಬ ಕಾರ್ನ್‌ಫ್ಲೇಕ್ಸ್ ಸುರಿದು ತಂದಳು.

"ಭಾನುವಾರ ಮಾತ್ರ ಅಮ್ಮಾವ್ರು ಇದನ್ನ ಕೊಡ್ತಿದ್ರು. ಹಾಲಿಲ್ಲ, ಸಕ್ಕರೆಯಿಲ್ಲ. ತಾವೊಂದು ಹಿಡಿ ತಿಂದು, ಅದಕ್ಕೆ ನಾಲ್ಕು ಚೂರು. ಎದುರಿಗಿರೋರು ತಿನ್ನದೆ ಅದು ಮುಟ್ಟಲ್ಲ, ಸಾಹೇಬ್ರೇ."

"ನಾಯಿ ನನಗೇ ಷರತ್ತು ಹಾಕುತ್ತಾ?" ಎಂದು ಗೊಣಗುತ್ತ ಸಾಹೇಬರು ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಕರುಂಕುರುಂ ಸದ್ದಿಗೆ ಚಿನ್ನಿ ಕಿವಿ ನಿಮಿರಿಸಿತು. ಬಾಲ ಅಲ್ಲಾಡಿಸುತ್ತ ಅಮ್ಮಾವ್ರ ಕೋಣೆಗೆ ಓಡಿತು. ಒಳಗೆಲ್ಲ ಹುಡುಕಿ, ಬಾಲ ಇಳಿಬಿಟ್ಟುಕೊಂಡು ಬಂದು ಸಾಹೇಬರ ಕಾಲ ಬಳಿ ಮಲಗಿತು.

ಸಾಹೇಬರು ನೆಲದ ಮೇಲೇ ಕೂತುಬಿಟ್ಟರು. ಅದಕ್ಕೆ ನಾಲ್ಕು ಚೂರು, ತಮಗೊಂದು ಹಿಡಿ. ಕಣ್ಣೊರೆಸಿಕೊಳ್ಳುತ್ತಲೇ ಬಟ್ಟಲು ಖಾಲಿ ಮಾಡಿದರು.

ಬಟ್ಟಲಿಡಲು ಅಡುಗೆಮನೆಗೆ ಹೋದರೆ ಅಲ್ಲೊಂದು ನಾಯಿ ತಟ್ಟೆ! ಮೊಸರನ್ನ ತಿಂದು ನೆಕ್ಕಿದ ಗುರುತು ಇನ್ನೂ ಹಸಿಯಾಗಿತ್ತು.

"ಇದು ಆಗಲೇ ತಿಂದಿದೆಯಲ್ಲೇ!"

"ದಿನಾ ತಿಂತಿದೆ. ತಿನ್ನದೇ ಇದ್ದೋರು ನೀವು, ಸಾಹೇಬ್ರೇ."

ಸಾಹೇಬರು ಬಟ್ಟಲನ್ನು ಆ ತಟ್ಟೆಯ ಪಕ್ಕದಲ್ಲಿಟ್ಟರು. "ನಾಳೆ ಭಾನುವಾರ ಅಲ್ಲ. ನಾಳೆ ಏನು ಉಪಾಯ ಮಾಡ್ತೀಯ?"

"ಉಪಾಯ ನಂದಲ್ಲ, ಸಾಹೇಬ್ರೇ. ಆಸ್ಪತ್ರೆಗೆ ಹೊರಡೋ ಮುಂಚೆ ಅಮ್ಮಾವ್ರೇ ಎಲ್ಲಾ ಹೇಳ್ಕೊಟ್ಟು ಹೋಗಿದಾರೆ."