ಲಗಮಪ್ಪನ ವಾಚನಾಲಯ ಮತ್ತು ಆರು ಮೊಳದ ಗಳ

ಅರಳೆಮರಡಿಯ ಪೇಟೆ ಓಣಿಯ ಕೊನೆಗೆ ನಿಂತಿರುವ ಸಾರ್ವಜನಿಕ ವಾಚನಾಲಯವನ್ನು ಮೊದಲ ಸಲ ನೋಡಿದವರು, ಕಟ್ಟಿದ ಗೌಂಡಿಗೆ ಕಣ್ಣು ಸರಿಯಿರಲಿಲ್ಲವೇನೋ ಎಂದುಕೊಳ್ಳುತ್ತಾರೆ. ಗೋಡೆಯಲ್ಲಿ ಒಂದು ಕಲ್ಲಿನಂತೆ ಇನ್ನೊಂದಿಲ್ಲ. ಕರಿಕಲ್ಲಿನ ಪಕ್ಕ ಕೆಂಪು ಕಲ್ಲು, ಅದರ ಮೇಲೆ ಬಿಳಿ ಕಲ್ಲು. ಕೆಲವು ಕಲ್ಲುಗಳ ಅಂಚು ಜನ ಕೂತು ಕೂತು ನುಣುಪಾಗಿದೆ. ಕಿಟಕಿಯ ಕೆಳಗಿನ ಒಂದರ ಮೇಲೆ ಚೌಕಾಬಾರ ಆಟದ ಮನೆಗಳು ಇನ್ನೂ ಅಳಿಸಿಹೋಗಿಲ್ಲ. ಬಾಗಿಲ ಮೇಲ್ಗಡೆ ಎರಡು ಕಬ್ಬಿಣದ ಕೊಂಡಿಗಳ ಮೇಲೆ ಆರು ಮೊಳದ ಬಿದಿರಿನ ಗಳವೊಂದು ಅಡ್ಡಲಾಗಿ ಮಲಗಿದೆ, ಅದರ ಎರಡು ತುದಿಗೂ ಹಿತ್ತಾಳೆಯ ಬಳೆ. ಗಳದ ಮೇಲ್ಗಡೆಯ ಕಲ್ಲಿನಲ್ಲಿ ಕಟ್ಟಡದ ಹೆಸರಿದೆ: ಲಗಮಪ್ಪನ ವಾಚನಾಲಯ. ಲಗಮಪ್ಪನೆಂದರೆ ದಾನಿಯೋ, ದೇವರೋ ಎಂದು ಪರವೂರಿನವರು ಕೇಳುತ್ತಾರೆ. ಎರಡೂ ಅಲ್ಲ, ಬೆಂಕಿ ಆರಿಸುತ್ತಿದ್ದವನು ಎಂದು ನಾನು ಹೇಳುತ್ತೇನೆ. ಈ ವಾಚನಾಲಯದಲ್ಲಿ ಮೂವತ್ತೊಂದು ವರ್ಷ ಪುಸ್ತಕ ಕೊಟ್ಟು ತೆಗೆದುಕೊಂಡವನು ನಾನು, ಆದ್ದರಿಂದ ಕೇಳುವವರೆಲ್ಲ ನನ್ನ ಹತ್ತಿರವೇ ಬರುತ್ತಾರೆ. ಇದು ಎದೆಯುಬ್ಬಿಸಿ ಹೇಳುವ ಕಥೆಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಪ್ರತಿ ಸಲವೂ ಅನ್ನಿಸುತ್ತದೆ.

ಹಿಂದೆ ಒಮ್ಮೆ, ಈಗ್ಗೆ ನಾಲ್ಕು ತಲೆಮಾರಿನ ಕೆಳಗೆ, ಈ ಓಣಿಯಲ್ಲಿ ಎರಡು ಅರಳೆ ಬಂಡಿಗಳು ಎದುರುಬದುರಾಗಿ ಬಂದರೂ ಒಂದಕ್ಕೊಂದು ತಾಗದೆ ಹೋಗುತ್ತಿದ್ದವು ಎನ್ನುತ್ತಾರೆ. ಎರಡೂ ಬದಿಗೆ ಅರಳೆ ವ್ಯಾಪಾರಿಗಳ ಅಂಗಡಿಗಳು, ಪ್ರತಿ ಅಂಗಡಿಯ ಮುಂದೆ ಕೂತು ಮಾತಾಡಲು ಒಂದು ಕಲ್ಲಿನ ಕಟ್ಟೆ. ಆ ವ್ಯಾಪಾರಿಗಳಲ್ಲಿ ಬೇರೆಲ್ಲೂ ನಾನು ಕೇಳದ ಒಂದು ಪದ್ಧತಿಯಿತ್ತು. ದೀಪಾವಳಿಯ ಪಾಡ್ಯದ ದಿನ ಲಕ್ಷ್ಮೀಪೂಜೆ ಮುಗಿದ ಮೇಲೆ ಪ್ರತಿಯೊಬ್ಬನೂ ತನ್ನ ಕಟ್ಟೆಯನ್ನು ಓಣಿಯ ಕಡೆಗೆ ಒಂದು ಬೆರಳಿನಷ್ಟು ಮುಂದೆ ಕಟ್ಟಿಸುತ್ತಿದ್ದ. ಕಟ್ಟೆ ಬೆಳೆದರೆ ಅಂಗಡಿ ಬೆಳೆಯುತ್ತದೆ ಎಂಬ ನಂಬಿಕೆ. ಇದಕ್ಕೆ 'ಬೆರಳು ಬೆಳೆಸುವುದು' ಎಂದೇ ಹೆಸರಿತ್ತು. ಒಂದು ಬೆರಳು ಯಾರ ಕಣ್ಣಿಗೂ ಕಾಣುವುದಿಲ್ಲ. ಆದರೆ ಎಡಗಡೆಯವರು ಬಲಕ್ಕೆ, ಬಲಗಡೆಯವರು ಎಡಕ್ಕೆ, ವರ್ಷಕ್ಕೊಂದು ಬೆರಳಿನಂತೆ ಐವತ್ತು ವರ್ಷ ಬೆಳೆಸಿದರೆ ಓಣಿ ಏನಾಗಬೇಕು? ನಡುವೆ ಒಂದು ಬಂಡಿ ಹೋಗುವುದೇ ಕಷ್ಟವಾಯಿತು. ಬಂಡಿಯವರು ಬಯ್ದುಕೊಂಡು ಸುತ್ತುಹಾಕಿ ಹೋಗುತ್ತಿದ್ದರು. ವ್ಯಾಪಾರಿಗಳು ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

ಅದೇ ಕಾಲಕ್ಕೆ ಊರಿಗೆ ಹೊಸದಾಗಿ ಮುನಸಿಪಾಲ್ಟಿ ಬಂತು, ಅದರ ಜೊತೆಗೆ ಬೆಂಕಿ ಬಂಡಿಯೂ ಬಂತು. ಎರಡು ಎತ್ತಿನ ಬಂಡಿಯ ಮೇಲೆ ದೊಡ್ಡದೊಂದು ಕಬ್ಬಿಣದ ಪೀಪಾಯಿ, ಕೈಯಿಂದ ಒತ್ತಿ ನೀರು ಚಿಮ್ಮಿಸುವ ಪಂಪು, ಸುರುಳಿ ಸುತ್ತಿದ ತೊಗಲಿನ ಕೊಳವೆ. ಎತ್ತು ಹೊಡೆಯಲು ಮೋದಿನಸಾಬ, ಬೆಂಕಿಗೆ ಎದುರು ನಿಲ್ಲಲು ಲಗಮಪ್ಪ. ಲಗಮಪ್ಪ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಬಂಡಿಯ ಅಗಲ ಅಳೆದು, ಎರಡೂ ಪಕ್ಕ ಒಬ್ಬೊಬ್ಬ ಆಳು ಕೊಡ ಹಿಡಿದು ಓಡುವಷ್ಟು ಜಾಗ ಸೇರಿಸಿ, ಈಗ ಬಾಗಿಲ ಮೇಲಿರುವ ಈ ಗಳವನ್ನು ಕಡಿದುಕೊಂಡನಂತೆ. ಪ್ರತಿ ವರ್ಷ ದೀಪಾವಳಿಗೆ ಎಂಟು ದಿನ ಮುಂಚೆ ಅವನು ಗಳವನ್ನು ಅಡ್ಡ ಹಿಡಿದು ಓಣಿಯಲ್ಲಿ ನಡೆಯುತ್ತಿದ್ದ. ಅದು ತಾಗಿದ ಕಡೆಯಲ್ಲೆಲ್ಲ ನಿಂತು, ತಲೆಯ ರುಮಾಲು ತೆಗೆದು, "ಸಾವಕಾರ್ರ, ಈ ವರ್ಷ ಬೆರಳು ಬೆಳಸಬ್ಯಾಡ್ರಿ. ಆದ್ರ ಒಂದು ಗೇಣು ಹಿಂದ ಸರಸ್ರಿ. ನಾಳೆ ಏನರೆ ಆದ್ರ ಬಂಡಿ ಒಳಗ ಬರಂಗಿಲ್ಲ," ಎಂದು ಬೇಡಿಕೊಳ್ಳುತ್ತಿದ್ದ. ಒಂಬತ್ತು ವರ್ಷ ಹೀಗೆ ಬೇಡಿಕೊಂಡ. ಜನಕ್ಕೆ ಅದೊಂದು ತಮಾಷೆಯಾಯಿತು. ಗಳದ ಲಗಮ್ಯಾ ಬಂದ ಎಂದರೆ ದೀಪಾವಳಿ ಬಂತು ಎಂದು ಲೆಕ್ಕ. ಓಣಿಯ ಎಲ್ಲರಿಗಿಂತ ಮುಂದೆ ಬಂದಿದ್ದ ಕಟ್ಟೆ ಗುರುಶಾಂತಪ್ಪ ಸಾವಕಾರರದು. ಒಂಬತ್ತನೆಯ ವರ್ಷ ಅವರು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಲ್ಲಿಂದಲೇ, "ಲಗಮ್ಯಾ, ನಂದೇನು ಕಟ್ಟಿ ಕಡಸ್ತಿ? ನಿನ್ನ ಗಳಾನ ಕಡಕೋ, ಸರಳ ಹೊಕ್ಕೈತಿ," ಎಂದರಂತೆ. ಓಣಿಗೆ ಓಣಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಲಗಮಪ್ಪನೂ ಸ್ವಲ್ಪ ನಕ್ಕ, ರುಮಾಲು ಸುತ್ತಿಕೊಂಡು ಮುಂದಿನ ಅಂಗಡಿಗೆ ಹೋದ. ಆ ಗುರುಶಾಂತಪ್ಪ ನನ್ನ ಮುತ್ತಜ್ಜ. ಅವರ ಮಾತನ್ನು ನಮ್ಮ ಮನೆಯಲ್ಲಿ ಬಹಳ ವರ್ಷ ಯಾರೂ ಹೇಳುತ್ತಿರಲಿಲ್ಲ. ನಾನು ಅದನ್ನು ಮೋದಿನಸಾಬನ ಮೊಮ್ಮಗನ ಬಾಯಿಂದ ಕೇಳಿದೆ.

ಮುಂದಿನ ಹೋಳಿಯಲ್ಲಿ, ರಂಗಪಂಚಮಿಯ ಮಾರನೆಯ ದಿನ, ನಡು ಮಧ್ಯಾಹ್ನ, ಓಣಿಯ ಕೊನೆಗಿದ್ದ ಅರಳೆ ಕೋಣೆಗೆ ಬೆಂಕಿ ಬಿತ್ತು. ಆ ಕೋಣೆಯೂ ನಮ್ಮ ಮುತ್ತಜ್ಜನದೇ. ಒಳಗೆ ಏಳು ಜನ ಹೆಣ್ಣುಮಕ್ಕಳು ಅರಳೆ ಹಸನು ಮಾಡುತ್ತಾ ಕೂತಿದ್ದರು. ಬೆಂಕಿ ಬಂಡಿ ಬೇಗನೆ ಬಂತು, ಆ ವಿಷಯದಲ್ಲಿ ಯಾರೂ ತಪ್ಪು ಹೇಳುವಂತಿಲ್ಲ. ಓಣಿಯ ಬಾಯಿಂದ ಒಳಗೆ ಹೊಕ್ಕು, ಕಟ್ಟೆಗಳನ್ನು ಉಜ್ಜಿಕೊಂಡು ಅರ್ಧ ದಾರಿ ಬಂದು, ಗುರುಶಾಂತಪ್ಪನ ಕಟ್ಟೆಗೂ ಎದುರಿನ ಕಟ್ಟೆಗೂ ನಡುವೆ ಗಾಲಿ ಸಿಕ್ಕಿಕೊಂಡು ನಿಂತುಬಿಟ್ಟಿತು. ಮೋದಿನಸಾಬ ಎತ್ತುಗಳನ್ನು ಎಷ್ಟು ಹೊಡೆದರೂ ಬಂಡಿ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಲಗಮಪ್ಪ ಕೊಳವೆ ಬಿಚ್ಚಿ ಓಡಿದ. ಬಾಗಿಲಿಗೆ ಮೂವತ್ತು ಹೆಜ್ಜೆ ಇರುವಾಗಲೇ ಕೊಳವೆ ಮುಗಿಯಿತು. ಒತ್ತುವವರು ಎಷ್ಟು ಒತ್ತಿದರೂ ನೀರು ಬೆಂಕಿಯನ್ನು ಮುಟ್ಟದೆ ಮಣ್ಣಿಗೆ ಬಿತ್ತು. ಬಂಡಿ ಸಿಕ್ಕಿಕೊಂಡ ಕಡೆ ಕೊಳವೆಯ ಬುಡ ಹರಿದು ಅಲ್ಲಿಂದಲೂ ನೀರು ಚಿಮ್ಮತೊಡಗಿತು. ಅಂದು ಆ ಓಣಿಯಲ್ಲಿ ಚೆನ್ನಾಗಿ ತೊಯ್ದದ್ದು ನಮ್ಮ ಮುತ್ತಜ್ಜನ ಕಟ್ಟೆಯೊಂದೇ ಎನ್ನುತ್ತಾರೆ.

ಲಗಮಪ್ಪ ಕೊಳವೆ ಬಿಸಾಕಿ, ಮೋದಿನಸಾಬನ ಕಂಬಳಿಯನ್ನು ನೀರಲ್ಲಿ ಅದ್ದಿ ತಲೆಯ ಮೇಲೆ ಹೊದ್ದು ಒಳಗೆ ಹೋದ. ಮೊದಲ ಸಲ ಇಬ್ಬರನ್ನು, ಎರಡನೆಯ ಸಲ ಇಬ್ಬರನ್ನು, ಮೂರನೆಯ ಸಲ ಇಬ್ಬರನ್ನು ಎಳೆದು ತಂದ. ನಾಲ್ಕನೆಯ ಸಲ ಒಳಗಿಂದ ಒಬ್ಬಳನ್ನು ಬಾಗಿಲಾಚೆ ನೂಕಿದ. ಅವಳು ಬಂದು ಮೋದಿನಸಾಬನ ಕೈಗೆ ಬಿದ್ದಳು. ಅಷ್ಟರಲ್ಲಿ ಮಾಳಿಗೆ ಕುಸಿಯಿತು, ಲಗಮಪ್ಪ ಒಳಗೇ ಉಳಿದ. ಏಳೂ ಜನ ಬದುಕಿದರು. ನಮ್ಮ ಮನೆಯವರು ಕಳೆದುಕೊಂಡದ್ದು ಅರಳೆ ಮಾತ್ರ.

ಆಗ ಊರಿಗೆ ಒಂದು ವಾಚನಾಲಯ ಕಟ್ಟಿಸುವ ಮಾತು ನಡೆದಿತ್ತು. ಹದಿನೈದು ದಿನ ಕಳೆಯುವುದರೊಳಗೆ ಹಿರಿಯರು ಸೇರಿ ಅದಕ್ಕೆ ಲಗಮಪ್ಪನ ಹೆಸರಿಡುವುದೆಂದು ತೀರ್ಮಾನಿಸಿದರು. ಹೆಸರು ಕೆತ್ತಿದ ಕಲ್ಲೂ ಸಿದ್ಧವಾಯಿತು. ಎಲ್ಲರಿಗೂ ಎದೆ ಹಗುರಾಯಿತು, ಊರಿಗೆ ಒಳ್ಳೆಯ ಹೆಸರು ಬಂತು ಎಂದೂ ಕೆಲವರು ಮಾತಾಡಿಕೊಂಡರು. ಅವರು ಹಣ್ಣುಕಾಯಿ ಹಿಡಿದು ಲಗಮಪ್ಪನ ಹೆಂಡತಿ ಕಾಶವ್ವನಿಗೆ ಸುದ್ದಿ ಹೇಳಲು ಹೋದರು. ಕಾಶವ್ವ ಹೊಸ್ತಿಲ ಒಳಗೆ ನಿಂತುಕೊಂಡೇ ಎಲ್ಲವನ್ನೂ ಕೇಳಿದಳು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. ಹೇಳಲೇಬೇಕಾದರೆ ಮದುವೆ ಮುಂಜಿಯಲ್ಲಿ ಒಡಪು ಎಂಬ ಪ್ರಾಸದ ಸಾಲು ಕಟ್ಟಿ ಅದರೊಳಗೆ ಹೇಳುತ್ತಾಳೆ.

"ಇಷ್ಟು ವರ್ಷ ಆ ಹೆಸರು ನಾ ಬಾಯ್ಲೆ ತಗೊಂಡಿಲ್ರಿ ಯಪ್ಪಾ," ಎಂದಳು ಕಾಶವ್ವ. "ನೀವು ಅದನ್ನ ಒಂದು ಕಲ್ಲಿಗೆ ಹಚ್ಚಿ ಕೈ ತೊಳಕೋಬ್ಯಾಡ್ರಿ. ಅವರು ನಿಮಗ ಹೆಸರು ಕೇಳಿದ್ದಿಲ್ಲ, ದಾರಿ ಕೇಳಿದ್ರು. ಒಂಬತ್ತು ವರ್ಷ ಕೇಳಿದ್ರು. ಆ ಗಳ ಒಂದು ಕಡೆನೂ ತಾಗದಂಗ ಓಣಿ ದಾಟಲಿ. ಆಮ್ಯಾಲ ಹೆಸರಿನ ಮಾತು."

ಹಣ್ಣುಕಾಯಿ ಹಿಡಿದವರಿಗೆ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹಿಡಿದುಕೊಂಡೇ ಮರಳಿ ಬಂದರು. ಮರುದಿನ ಬೆಳಿಗ್ಗೆ ನನ್ನ ಮುತ್ತಜ್ಜ ಆಳುಗಳನ್ನು ಕರೆಯದೆ ತಾನೇ ಹಾರೆ ಹಿಡಿದು ತನ್ನ ಕಟ್ಟೆಯ ಮೇಲೆ ನಿಂತ. ಎಂದೂ ಹಾರೆ ಹಿಡಿದವನಲ್ಲ, ಮೊದಲ ಕಲ್ಲು ಏಳುವುದರೊಳಗೆ ಅಂಗೈ ಬೊಬ್ಬೆ ಎದ್ದು ಒಡೆಯಿತಂತೆ. ಸಂಜೆಯ ಹೊತ್ತಿಗೆ ಅಕ್ಕಪಕ್ಕದವರೂ ಇಳಿದರು. ಮೂರು ದಿನದ ಮೇಲೆ ಕಾಶವ್ವ ಒಂದು ತುದಿ, ಮೋದಿನಸಾಬ ಒಂದು ತುದಿ ಹಿಡಿದು ಗಳವನ್ನು ಓಣಿಯಲ್ಲಿ ಅಡ್ಡಲಾಗಿ ತಂದರು. ಅದು ಐದು ಕಡೆ ತಾಗಿತು. ಕಾಶವ್ವ ಗಳ ತಿರುಗಿಸಿಕೊಂಡು ಮನೆಗೆ ಹೋದಳು. ಮತ್ತೆ ಒಡೆದರು. ಎರಡನೆಯ ಸಲ ಒಂದು ಕಡೆ ತಾಗಿತು. ಮೂರನೆಯ ಸಲ ಓಣಿಯ ಈ ತುದಿಯಿಂದ ಆ ತುದಿಗೆ, ಸುಟ್ಟ ಅರಳೆ ಕೋಣೆಯ ಬಾಗಿಲವರೆಗೆ, ಗಳ ಎಲ್ಲೂ ತಾಗಲಿಲ್ಲ. ಆ ಸುಟ್ಟ ಜಾಗವನ್ನು ಮುತ್ತಜ್ಜ ವಾಚನಾಲಯಕ್ಕೆ ಬಿಟ್ಟುಕೊಟ್ಟ. ಒಡೆದ ಕಟ್ಟೆಗಳ ಕಲ್ಲುಗಳಿಂದಲೇ ಅದನ್ನು ಕಟ್ಟಿದರು, ಆದ್ದರಿಂದಲೇ ಒಂದು ಕಲ್ಲಿನಂತೆ ಇನ್ನೊಂದಿಲ್ಲ. ಕಟ್ಟಿ ಮುಗಿದ ದಿನ ಹಿರಿಯರು ಹೆಸರನ್ನು ತಾವಾಗಿ ಹೇಳುವ ಧೈರ್ಯವಿಲ್ಲದೆ, ಏನೆಂದು ಕರೆಯೋಣವೆಂದು ಕಾಶವ್ವನನ್ನು ಕೇಳಿದರು. ಅವಳು ಸೆರಗು ಸರಿಪಡಿಸಿಕೊಂಡು, ಒಡಪು ಗಿಡಪು ಏನೂ ಇಲ್ಲದೆ, "ಲಗಮಪ್ಪ ಅನ್ರಿ," ಎಂದಳು. ಜೀವಮಾನದಲ್ಲಿ ಅವಳು ಆ ಹೆಸರು ಹೇಳಿದ್ದು ಅದೊಂದೇ ಸಲ ಎನ್ನುತ್ತಾರೆ.

ಅಂದಿನಿಂದ ರಂಗಪಂಚಮಿಯ ಮಾರನೆಯ ದಿನ ಗಳವನ್ನು ಇಳಿಸಿ, ಎಣ್ಣೆ ಸವರಿ, ಇಬ್ಬರು ನೆಲಕ್ಕೆ ಸಮೀಪವಾಗಿ ಹಿಡಿದು ಓಣಿಯುದ್ದಕ್ಕೂ ಅಡ್ಡಲಾಗಿ ನಡೆಸುತ್ತಾರೆ. ವಾದ್ಯವಿಲ್ಲ, ಹೂವಿಲ್ಲ. ಅಂಗಡಿಯವರು ಹೊರಗೆ ಬಂದು ಸುಮ್ಮನೆ ನಿಲ್ಲುತ್ತಾರೆ. ಹೋದ ವರ್ಷ ಗಳ ಅರ್ಧ ದಾರಿ ಬಂದು ಠಣ್ ಎಂದು ನಿಂತಿತು. ಮುತ್ತಜ್ಜನ ಕಾಲದಿಂದ ಬಂದ ನಮ್ಮ ಅಂಗಡಿಯ ನೆಲವನ್ನು ಎತ್ತರಿಸಿದ ಮೇಲೆ ಹತ್ತಿ ಇಳಿಯಲು ಅನುಕೂಲವಾಗಲೆಂದು ನಾವು ಮೂರು ಕಬ್ಬಿಣದ ಮೆಟ್ಟಿಲು ಹಾಕಿಸಿದ್ದೆವು. ಕೊನೆಯ ಮೆಟ್ಟಿಲು ಓಣಿಯೊಳಗೆ ನಾಲ್ಕು ಬೆರಳು ಬಂದಿತ್ತು. ಗಳ ಹಿಡಿದವರು ನನ್ನ ಮುಖ ನೋಡಿದರು. ಮೂವತ್ತೊಂದು ವರ್ಷ ಈ ಕಥೆ ಹೇಳಿದ ನಾನು, ಜನರೆದುರು, ನಗುತ್ತಲೇ, "ಅದರಾಗೇನೈತಿ, ಗಳಾ ಒಂಚೂರು ಓರೆ ಮಾಡ್ರಲಾ," ಎಂದೆ.

ಯಾರೂ ನಗಲಿಲ್ಲ. ನನ್ನ ಬಾಯಿಂದ ಬಂದದ್ದು ಯಾರ ಮಾತೆಂದು ನನಗೂ ಆಗಲೇ ತಿಳಿಯಿತು, ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಗಳವನ್ನು ಓರೆ ಮಾಡಲಿಲ್ಲ. ತಿರುಗಿಸಿಕೊಂಡು ಹಿಂದಕ್ಕೆ ಒಯ್ದರು.

ಮೆಟ್ಟಿಲನ್ನು ಅಂದೇ ಕೀಳಿಸಿದೆ. ಮಾರನೆಯ ದಿನ ಗಳ ಎಲ್ಲೂ ತಾಗದೆ ದಾಟಿತು. ಈಗ ಬರುವವರು ನಮ್ಮ ಅಂಗಡಿಯ ಮುಂದೆ ನೆಲದಲ್ಲಿ ಬೋಲ್ಟು ಕಿತ್ತ ನಾಲ್ಕು ತೂತುಗಳನ್ನು ನೋಡಬಹುದು. ನಾನು ಅವನ್ನು ಮುಚ್ಚಿಸಿಲ್ಲ. ವಾಚನಾಲಯದ ಬಾಗಿಲಲ್ಲಿ ತಲೆ ಎತ್ತಿದರೆ ಗಳದ ಎಡ ತುದಿಯ ಹಿತ್ತಾಳೆ ಬಳೆ ನೆಗ್ಗಿರುವುದೂ ಕಾಣುತ್ತದೆ. ಅದು ಲಗಮಪ್ಪನ ಕಾಲದ್ದಿರಬೇಕು ಎಂದು ಬಂದವರು ಕೈಮುಗಿಯುತ್ತಾರೆ. ಅಲ್ಲ, ಅದು ಹೋದ ವರ್ಷದ್ದು, ನಮ್ಮ ಅಂಗಡಿಯದು ಎಂದು ನಾನು ಹೇಳುತ್ತೇನೆ.