ಅಳೆಯದ ನೆಲ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಆಶ್ರಮ. ಅಲ್ಲಿನ ಗುರು ಶಿವಗಂಗಮ್ಮ. ಹರೆಯದಲ್ಲಿ ಸೇತುವೆಗಳನ್ನು ಕಟ್ಟಿಸಿದ ಎಂಜಿನಿಯರು. ಆಮೇಲೆ ಎಲ್ಲ ಬಿಟ್ಟು ಹೊಳೆಯ ಬದಿಗೆ ಬಂದು ನೆಲೆ ನಿಂತವರು. ಎಲ್ಲರೂ ಅವರನ್ನು ಅಕ್ಕನವರು ಎನ್ನುತ್ತಿದ್ದರು.

ಕಲ್ಮೇಶ ಅವರ ಶಿಷ್ಯ. ಕಟ್ಟಡಗಳ ನಕ್ಷೆ ಮಾಡುವುದನ್ನು ಓದಿ ಬಂದಿದ್ದ. ಧ್ಯಾನ ಕಲಿಸಿರಿ ಎಂದು ಕೇಳಿದ್ದಕ್ಕೆ ಅಕ್ಕನವರು ಅವನಿಗೆ ಕೆಲಸ ಕೊಟ್ಟರು.

"ಮೆಟ್ಟಲ ಇಲ್ಲದ ಒಂದು ಮನಿ ಕಟ್ಟು. ಬಾಗಲದಿಂದ ಹೊಳಿತನಕ ಒಂದು ದಾರಿ ಮಾಡು. ಅದರಾಗೂ ಮೆಟ್ಟಲ ಇರಬಾರದು."

ಆ ಮನೆ ಹೂವಕ್ಕನಂಥವರಿಗೆ. ಆಶ್ರಮದಲ್ಲಿ ನಡೆಯಲಾರದ ಕೆಲವರಿದ್ದರು. ಹೂವಕ್ಕ ಅವರಲ್ಲೆಲ್ಲ ಗಟ್ಟಿಗಿತ್ತಿ. ಇಟ್ಟಿಗೆ ಭಟ್ಟಿಯಲ್ಲಿ ಗೋಡೆ ಮೈಮೇಲೆ ಬಿದ್ದು ಸೊಂಟದ ಕೆಳಗಿನ ಬಲ ಹೋಗಿತ್ತು. ಅಂಗಳದಾಚೆಯ ನೆಲದಲ್ಲಿ ಗಾಲಿಕುರ್ಚಿ ಅವಳ ಕೈಲೆ ಸಾಗುತ್ತಿರಲಿಲ್ಲ. ಹೊಳೆಗೆ ಹೋಗಬೇಕೆಂದರೆ ಇಬ್ಬರು ಅವಳನ್ನು ಹೊರಬೇಕಿತ್ತು.

"ಹೊತ್ತೊಯ್ಯೋರು ಹೊಳಿ ತೋರಸ್ತಾರ," ಎಂದು ಅವಳು ಒಮ್ಮೆ ಕಲ್ಮೇಶನಿಗೆ ಹೇಳಿದ್ದಳು. "ಆದ್ರ ಎಷ್ಟೊತ್ತು ಕುಂದರಬೇಕು ಅನ್ನೋದನ್ನೂ ಅವರೇ ಹೇಳ್ತಾರ. ನನಗ ನನ್ನ ಕೈಲೆ ಹೋಗಬೇಕು ತಮ್ಮಾ. ಸಾಕಾದಾಗ ನನ್ನ ಕೈಲೆ ಬರಬೇಕು."

ಆ ಮಾತು ಕಲ್ಮೇಶನ ಎದೆಗೆ ನಾಟಿತ್ತು. ಈ ವರ್ಷವೇ ಕಟ್ಟಿ ತೀರಬೇಕೆಂದು ಹಟ ತೊಟ್ಟ.

ಅಳತೆಯವರು ಬಂದು ನೆಲವನ್ನೆಲ್ಲ ಅಳೆದು ಹೋದರು. ಯಾವ ಬಿಂದು ಸಮುದ್ರದ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದು ಅವರು ಕಳಿಸಿದ ಫೈಲಿನಲ್ಲಿತ್ತು. ಕಲ್ಮೇಶ ಆ ಫೈಲನ್ನು ತನ್ನ ಲ್ಯಾಪ್‌ಟಾಪಿನ ವಿನ್ಯಾಸದ ಸಾಫ್ಟ್‌ವೇರಿಗೆ ಇಳಿಸಿಕೊಂಡ. ಅದು ಬಿಂದುವಿಗೆ ಬಿಂದು ಕೂಡಿಸಿ ಬಲೆ ಹೆಣೆಯಿತು. ಪರದೆಯ ಮೇಲೆ ನೆಲ ಮೂಡಿತು.

ಆದರೆ ಹೊಳೆಯ ಕಡೆಗೆ, ನಟ್ಟನಡುವೆ, ಪಾತಾಳಕ್ಕಿಳಿದ ಗುಂಡಿಗಳು ಕಂಡವು.

ಹಿಂದೆ ಬಂದು ನಿಂತಿದ್ದ ಅಕ್ಕನವರು ಅವನ್ನು ನೋಡಿದರು. ಆಮೇಲೆ ತಮ್ಮ ಕೆಲಸಕ್ಕೆ ಹೋದರು.

ಕಲ್ಮೇಶ ಫೈಲು ತೆರೆದು ಹುಡುಕಿದ. ಜಾಲಿಕಂಟಿ ದಟ್ಟವಾಗಿ ಬೆಳೆದಲ್ಲಿ ಅಳತೆಯವರು ಒಳಹೊಕ್ಕಿರಲಿಲ್ಲ. ಅಲ್ಲಿನ ಎತ್ತರವನ್ನು ಬರೆಯದೆ ಖಾಲಿ ಬಿಟ್ಟಿದ್ದರು. ಖಾಲಿಯನ್ನು ಸಾಫ್ಟ್‌ವೇರು ಸೊನ್ನೆ ಎಂದು ಓದಿಕೊಂಡಿತ್ತು. ಸೊನ್ನೆಯೆಂದರೆ ಸಮುದ್ರದ ಮಟ್ಟ.

ಇಷ್ಟೇನಾ ಎಂದು ಅವನಿಗೆ ನಗು ಬಂತು. ಸುತ್ತಲಿನ ಬಿಂದುಗಳ ಸರಾಸರಿ ತೆಗೆದು ಖಾಲಿ ಇದ್ದಲ್ಲೆಲ್ಲ ತುಂಬಿದ. ಗುಂಡಿಗಳು ಮುಚ್ಚಿಹೋದವು. ನೆಲ ಜಮಖಾನೆ ಹಾಸಿದಂತೆ ಸಪಾಟಾಯಿತು. ಅದರ ಮೇಲೆ ಮನೆ ಕೂರಿಸಿ, ಬಾಗಿಲಿನಿಂದ ಹೊಳೆಗೆ ನೆಟ್ಟಗೆ ಒಂದು ದಾರಿ ಎಳೆದ. ಗುರುವನ್ನು ಕರೆದು ತೋರಿಸಿದ.

"ಇಲ್ಲೆ ಗುಂಡಿ ಇದ್ದುವಲ್ಲ?" ಎಂದರು ಅಕ್ಕನವರು.

"ಅವು ಖರೇ ಗುಂಡಿ ಅಲ್ರಿ ಅಕ್ಕಾರ. ಅಳತಿ ಇರಲಿಲ್ಲ, ಅದಕ್ಕ ಹಂಗ ಕಂಡ್ವು. ಸರಿ ಮಾಡೀನಿ."

"ಅಳತಿ ಸಿಕ್ಕಿತೇನು?"

"ಇಲ್ರಿ. ಆದ್ರ ಆಜೂಬಾಜೂ ನೆಲ ಸಪಾಟ ಐತಿ. ನಡುವಿಂದೂ ಹಂಗ ಇರ್ತೈತಿ."

ಅಕ್ಕನವರು ಎದ್ದು ಅಂಗಳಕ್ಕೆ ಬಂದರು. ಹೂವಕ್ಕ ಕಟ್ಟೆಯ ಮೇಲೆ ಕೂತು ಕಾಳು ಹಸನು ಮಾಡುತ್ತಿದ್ದಳು. ಅವಳ ಕುರ್ಚಿ ಪಕ್ಕದಲ್ಲಿತ್ತು.

"ಕುರ್ಚಿ ಕೊಡವ್ವಾ ಒಂದೀಟು," ಎಂದು ಕೇಳಿ, ಅಕ್ಕನವರು ತಾವೇ ಅದರಲ್ಲಿ ಕೂತರು. "ಕಲ್ಮೇಶ, ನೂಕು. ನೀ ಎಳದ ದಾರಿ ಹಿಡದು ಹೊಳಿಗೆ ಹೋಗೋಣು."

"ಅಲ್ಲಿ ಜಾಲಿಕಂಟಿ ಐತ್ರಿ."

"ನಿನ್ನ ನಕ್ಷಾದಾಗ ಇಲ್ಲಲ್ಲ."

ಕಲ್ಮೇಶ ನೂಕಿದ. ಮೊದಲು ಹುಲ್ಲು, ಆಮೇಲೆ ಮುಳ್ಳು. ಗುರುವಿನ ಸೆರಗು ಕಂಟಿಗೆ ಸಿಕ್ಕಿ ಹರಿಯಿತು. ಹಿಂದಿರುಗೋಣವೇ ಎಂದು ಅವನಿಗೆ ಅನ್ನಿಸಿತು. ಆದರೆ ತನ್ನ ದಾರಿ ಸರಿಯಿದೆ ಎಂದು ಅವನಿಗೆ ತೋರಿಸಬೇಕಿತ್ತು. ಇನ್ನಷ್ಟು ಬಲ ಹಾಕಿದ.

ಮುಂದಿನ ಗಾಲಿಗಳು ಒಮ್ಮೆಲೇ ಹುಲ್ಲಿನೊಳಗೆ ಇಳಿದವು. ಕುರ್ಚಿ ಮುಗ್ಗರಿಸಿತು. ಅಕ್ಕನವರು ಉರುಳಿ ಕಣ್ಮರೆಯಾದರು.

ಕಲ್ಮೇಶ ಚೀರಿ ಧುಮುಕಿದ. ಸೊಂಟದಾಳದವರೆಗೆ ನೆಲವೇ ಇರಲಿಲ್ಲ. ಒಣಹುಲ್ಲಿನಡಿಯಲ್ಲಿ ಒಂದು ಹಳೆಯ ಹಳ್ಳ ಹೊಳೆಯ ಕಡೆಗೆ ಸಾಗಿತ್ತು. ತಳದ ಮರಳು ಪದರಪದರವಾಗಿ ಬಿದ್ದಿತ್ತು. ಮೇಲಿನ ಹೊಲಗಳ ನೀರೆಲ್ಲ ಇಳಿಯುವುದು ಇಲ್ಲಿಂದಲೇ ಎಂದು ನೋಡಿದೊಡನೆ ತಿಳಿಯುವಂತಿತ್ತು. ಇದರ ಮೇಲೆ ಸಡಿಲ ಮಣ್ಣು ಸುರಿದು ದಾರಿ ಮಾಡಿದ್ದರೆ? ಹಿಂದೆ ನೂಕುವವರು ಯಾರೂ ಇಲ್ಲದೆ ಹೂವಕ್ಕ ಒಬ್ಬಳೇ ಬರುತ್ತಿರುವಾಗ ಅದು ಕುಸಿದಿದ್ದರೆ?

ಅಕ್ಕನವರು ಮರಳಿನ ಮೇಲೆ ಕೂತಿದ್ದರು. ಅಂಗೈ ತರಚಿ ರಕ್ತ ಜಿನುಗುತ್ತಿತ್ತು.

"ಇಲ್ಲಿ ಎತ್ತರ ಎಷ್ಟಂತ ತುಂಬೀದಿ?" ಎಂದು ಕೇಳಿದರು.

ಕಲ್ಮೇಶ ಅವರ ಅಂಗೈಗೆ ಮೆತ್ತಿದ ಮರಳು ಒರೆಸತೊಡಗಿದ.

"ಮಷೀನಿಗೆ ಗೊತ್ತಿರಲಿಲ್ಲ, ಅದು ಗುಂಡಿ ತೋರಿಸ್ತು. ನಿನಗೂ ಗೊತ್ತಿರಲಿಲ್ಲ. ನೀ ಏನು ತೋರಿಸ್ದಿ?"

"ತಪ್ಪಾತ್ರಿ ಅಕ್ಕಾರ."

"ಆಗಲಿ. ಎಬ್ಬಿಸು ನನ್ನ. ಆಮ್ಯಾಲೆ ಕೊಡಲಿ ಎಲ್ಲೈತಿ ನೋಡು."

ಅಂದೇ ಕಲ್ಮೇಶ ಕಂಟಿ ಕಡಿಯಲು ನಿಂತ. ಜೆಸಿಬಿ ತರಿಸಿದರೆ ಒಂದು ತಾಸಿನ ಕೆಲಸ ಎಂದರು ಆಶ್ರಮದವರು.

"ಅದು ಕಂಟಿ ಜೋಡಿ ನೆಲಾನೂ ಕೆರೀತೈತಿ," ಎಂದ ಕಲ್ಮೇಶ. "ಆಮ್ಯಾಲೆ ನಾ ಯಾವ ನೆಲ ಅಳೀಲಿ?"

ಮುಳ್ಳು ಅಂಗೈ ಹೊಕ್ಕಿತು. ಬಟ್ಟೆ ಸುತ್ತಿಕೊಂಡು ಕಡಿದ. ರಾತ್ರಿ ಕೈ ಬಾತುಕೊಂಡರೆ ಬೆಳಿಗ್ಗೆ ಬಿಸಿನೀರಿನಲ್ಲಿ ಅದ್ದಿ ಮತ್ತೆ ಕೊಡಲಿ ಹಿಡಿದ.

ಕಂಟಿ ತೆರವಾದ ಮೇಲೆ ಅಕ್ಕನವರು ತಮ್ಮ ಹಳೆಯ ಅಳತೆಯ ದುರ್ಬೀನನ್ನು ಹೊರತೆಗೆದು, ಅಂಗಳದಂಚಿನಲ್ಲಿ ಅದರ ಮೂರು ಕಾಲಿನ ಮೇಲೆ ನಿಲ್ಲಿಸಿದರು. ಒಬ್ಬರು ದುರ್ಬೀನಿನಲ್ಲಿ ನೋಡಬೇಕು. ಇನ್ನೊಬ್ಬರು ದೂರದಲ್ಲಿ ಅಂಕಿ ಬರೆದ ಕೋಲನ್ನು ನೆಟ್ಟಗೆ ಹಿಡಿದಿರಬೇಕು. ಯಾರು ನೋಡುವವರೆಂದು ಕಲ್ಮೇಶ ಸುತ್ತ ಕಣ್ಣಾಡಿಸಿದ.

"ಅದರ ಕಾಲು ತಗ್ಗಿಸು," ಎಂದಳು ಹೂವಕ್ಕ. "ನನ್ನ ಕಣ್ಣಿಗೆ ಸಮ ಮಾಡು. ನಾ ಓದಿ ಹೇಳ್ತೀನಿ."

ಅವನು ಹಳ್ಳಕ್ಕಿಳಿದು ಕೋಲು ಹಿಡಿದ. ಕುರ್ಚಿಯಲ್ಲಿ ಕೂತು ಅವಳು ಒಂದು ಕಣ್ಣು ಮುಚ್ಚಿ ನೋಡಿದಳು.

"ನೆಟ್ಟಗ ಹಿಡಿ ತಮ್ಮಾ!"

"ಹಿಡದೀನಿ!"

"ಇಲ್ಲ, ವಾಲೈತಿ. ನನ್ನ ದಾರಿ ಅದು. ಸರಿ ಹಿಡಿ!"

ಅವಳು ಅಂಕಿ ಕೂಗಿದಳು, ಅವನು ಬರೆದುಕೊಂಡ. ಒಂದೊಂದು ಬಿಂದುವಿಗೂ ಹೀಗೆಯೇ. ಫೈಲಿಗೆ ಸೇರಿಸುವಾಗ ಒಂದು ಅಂಕಿಯ ಮೇಲೆ ಅವನಿಗೆ ಅನುಮಾನ ಬಂತು. ಈಗ ಅವನು ಅಂದಾಜಿಗೆ ಕೈಹಾಕಲಿಲ್ಲ. ಕೋಲು ಹೆಗಲಿಗೇರಿಸಿ, ಹೂವಕ್ಕನನ್ನು ಕರೆದುಕೊಂಡು ಮತ್ತೆ ಹೋದ.

ಎಲ್ಲ ಸೇರಿಸಿದ ಮೇಲೆ ಪರದೆಯ ಮೇಲೆ ಹಳ್ಳ ಮೂಡಿತು. ನೇರ ದಾರಿಯನ್ನು ಅದು ನಡುವೆಯೇ ಕತ್ತರಿಸಿತ್ತು.

"ಮುಚ್ಚಿಬಿಡಲೇನ್ರಿ ಅಕ್ಕಾರ?"

"ಮುಚ್ಚು. ಆದ್ರ ನೀರಿಗೆ ಮೊದಲ ಹೇಳಿ ಬಾ."

ಕಲ್ಮೇಶ ನೇರ ದಾರಿಯನ್ನು ಅಳಿಸಿದ. ಮನೆಯನ್ನು ಎತ್ತರದ ನೆಲದ ಕಡೆಗೆ ಸರಿಸಿದ. ದಾರಿ ಈಗ ಹಳ್ಳ ಶುರುವಾಗುವ ತಲೆಯನ್ನು ಬಳಸಿ, ಸಣ್ಣ ಇಳಿಜಾರಿನಲ್ಲಿ ಹೊಳೆ ಮುಟ್ಟಿತು. ಮೊದಲಿನದಕ್ಕಿಂತ ಬಹಳ ಉದ್ದ.

"ದೂರ ಆತು ಹೂವಕ್ಕ," ಎಂದ, ಅಳುಕುತ್ತ.

ಅವಳು ಪರದೆಯ ಮೇಲೆ ಬೆರಳಿಟ್ಟು ದಾರಿಯುದ್ದಕ್ಕೂ ಎಳೆದಳು. ಹೊಳೆ ಮುಟ್ಟಿದ ಮೇಲೆ ಬೆರಳು ಅಲ್ಲೇ ನಿಂತಿತು.

"ಆಗಲಿ ತಗೋ. ನನಗೇನು ಅವಸರ ಐತಿ?"

ಕಲ್ಮೇಶ ನಕ್ಷೆಯನ್ನು ಗುರುವಿನ ಮುಂದೆ ಇಟ್ಟ.

"ಎಲ್ಲಾ ಅಳದೀನ್ರಿ ಅಕ್ಕಾರ. ಒಂದೂ ಖಾಲಿ ಇಲ್ಲ, ಒಂದೂ ಅಂದಾಜಿಲ್ಲ. ಈಗಾದ್ರೂ ನನಗ ಈ ನೆಲ ಗೊತ್ತಾತು ಅನ್ನಬಹುದೇನ್ರಿ?"

ಅಕ್ಕನವರು ಪರದೆಯ ಕಡೆ ನೋಡಲಿಲ್ಲ. ಅವನ ಬಾತ ಕೈಗಳನ್ನು ನೋಡಿದರು.

"ಅದನ್ನ ಹೇಳೋದು ಮೊದಲನೇ ಮಳಿ. ನೀ ಪಾಯ ತೆಗಿ."