ಹೊಳೆ ಕುಡಿದ ಎಂಜಿನ್

ಹೊಳೆದಂಡೆಯ ಮಠದಲ್ಲಿ ಒಬ್ಬರು ಗುರುಗಳಿದ್ರು. ಕಾವಿ ಉಡೋಕೆ ಮುಂಚೆ ಲಾರಿ ಮೆಕ್ಯಾನಿಕ್ಕು. ಅವರು ಕೆಮ್ಮಿದ್ರೆ ಊರಾಚೆ ಕೆಟ್ಟು ನಿಂತ ಬಸ್ಸು ಸ್ಟಾರ್ಟ್ ಆಗ್ತಿತ್ತು. ನಂಬಲ್ವಾ? ಬೇಡ ಬಿಡಿ.

ಒಂದಿನ ಶಿಷ್ಯ ಸಿದ್ದೇಶಿ ಒಂದು ಹಳೇ ಪಿಕಪ್ ಗಾಡೀನ ಎತ್ತುಗಳ ಕೈಲಿ ಎಳೆಸಿಕೊಂಡು ಬಂದ. ಅವನ ಅಣ್ಣ ಚೌಡಪ್ಪ ಆ ಗಾಡಿ ಸಮೇತ ಹೊಳೆಗೆ ಬಿದ್ದಿದ್ದ. ಗಾಡಿ ಸಿಕ್ತು, ಅಣ್ಣ ಸಿಗಲಿಲ್ಲ. ಎಂಜಿನ್ ಜಾಮ್ ಆಗಿತ್ತು.

"ಅಣ್ಣನ ತಿಥಿ ಮಾಡಿದ್ಯೇನೋ?" ಅಂದ್ರು ಗುರುಗಳು.

"ಇಲ್ಲ ಬುದ್ಧಿ. ಅವ್ವ, ಅತ್ತಿಗೆ ದಿನಾ ಅಳ್ತಾರೆ, 'ತಿಥಿ ಮಾಡಿ ಅವನನ್ನ ಕಳಿಸಿಕೊಡೋ' ಅಂತ. ನಾನು ಒಪ್ಪಿಲ್ಲ. ಈ ಎಂಜಿನ್ ಎದ್ರೆ ಅಣ್ಣಾನೂ ಎದ್ದು ಬತ್ತಾನೆ."

ಗುರುಗಳು ಗಾಡಿಯ ಮೂತಿ ಸವರಿದ್ರು. ಕೈ ಒದ್ದೆಯಾಯ್ತು. ಅದೂ ಬಿರುಬೇಸಿಗೇಲಿ.

"ಎಂಜಿನ್ನಿಗೆ ಡೀಸೆಲ್ ಚಿಮ್ಮಿಸೋ ನಾಝಲ್ ಬಿಚ್ಚಿ, ಆ ತೂತಿಗೆ ಎಣ್ಣೆ ಬಿಡು. ಆಮೇಲೆ ಸುಮ್ನೆ ಕೂತ್ಕೊ."

ಸಿದ್ದೇಶಿ ಎಣ್ಣೆ ಬಿಟ್ಟ. ಒಳಗೆ ಗುಟುಕ್ ಅಂತು. ಮತ್ತೆ ಬಿಟ್ಟ. ಮತ್ತೆ ಗುಟುಕ್. ಕ್ಯಾನೇ ಖಾಲಿ ಆಯ್ತು, ಕೆಳಗೆ ಒಂದು ಹನಿ ಸೋರಿಲ್ಲ.

"ಎಲ್ಲಿಗೆ ಹೋಯ್ತೈತೆ ಬುದ್ಧಿ?"

"ಬಾಯಾರಿದವರ ಹೊಟ್ಟೆಗೆ."

ಸಿದ್ದೇಶಿಗೆ ಕಾಯೋಕಾಗಲಿಲ್ಲ. ಗುರುಗಳು ಸ್ನಾನಕ್ಕೆ ಹೋದದ್ದೇ ತಡ, ಎಂಜಿನ್ ತಿರುಗಿಸೋ ಮುಂದಿನ ಬೋಲ್ಟಿಗೆ ಪಾನ, ಅಂದ್ರೆ ಸ್ಪ್ಯಾನರ್, ಸಿಗಿಸಿ, ಪಾನದ ಹಿಡಿಗೆ ಉದ್ದದ ಪೈಪು ತೂರಿಸಿ, ಮೈಭಾರ ಎಲ್ಲಾ ಬಿಟ್ಟು ಜೋತುಬಿದ್ದ.

ಒಳಗಿಂದ ಯಾರೋ ನರಳಿದ್ರು.

ಮಠದ ಕಾಗೆಗಳು ಹಾರೋದನ್ನೇ ಮರೆತು, ಸಾಲಾಗಿ ನಡ್ಕೊಂಡು ಹೊರಟೋದ್ವು.

ಗುರುಗಳು ಒದ್ದೆ ಪಂಚೇಲೇ ಓಡಿ ಬಂದ್ರು. "ಅಯ್ಯೋ ಮುಂಡೇದೆ, ಮುಳುಗಿದವನ ಕೈ ಮುರೀತೀಯೇನೋ! ಪೈಪು ಬಿಸಾಕು. ಬರೀ ಪಾನ ಹಿಡಿ. ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ."

"ಹಿಂದಕ್ಕೂ ಬಿಡಬೇಕಾ? ಬಂದಿದ್ದೂ ಹೊಂಟೋದ್ರೆ?"

"ಬಿಟ್ಟು ನೋಡು."

ಬಿಟ್ಟ. ಎಳೆದ. ಬಿಟ್ಟ. ಅನ್ನ ನೀರು ಮರೆತು ಅದೇ ಕೆಲಸ.

ಒಂದು ಮಟಮಟ ಮಧ್ಯಾಹ್ನ, ಪಾನ ತಾನಾಗೇ ತಿರುಗಿ ಅವನ ಕೈಯನ್ನ ತಳ್ತು. ನಾಝಲ್ ತೂತಿಂದ ಮೊದಲು ನೀರು ಬಂತು. ಆಮೇಲೆ ಮರಳು. ಆಮೇಲೆ ಒಂದು ಮೀನು, ಇನ್ನೂ ಬಾಯಿ ಆಡಿಸ್ತಿತ್ತು. ಅದನ್ನ ಹೊಳೆಗೆ ಬಿಟ್ಟೋನ ಮೊಮ್ಮಗ ಇವತ್ತಿಗೂ ಇದ್ದಾನೆ, ಬೇಕಾದ್ರೆ ಕೇಳಿ.

ಸಿದ್ದೇಶಿ ನಾಝಲ್ ವಾಪಸ್ ಹಾಕಿದ. ಅಷ್ಟೇ. ಬ್ಯಾಟರಿ ಇಲ್ಲ, ಕೀ ಇಲ್ಲ, ಎಂಜಿನ್ ಗುರ್ ಅಂತ ಎದ್ದಿತು.

ಡ್ರೈವರ್ ಸೀಟಲ್ಲಿ ಯಾರೂ ಇಲ್ಲ. ಆದ್ರೆ ಸೀಟಿಂದ ನೀರು ತೊಟ್ಟಿಕ್ಕುತ್ತಿತ್ತು. ಕ್ಲಚ್ಚು ಒಳಕ್ಕೆ ಹೋಯ್ತು. ಸ್ಟೇರಿಂಗು ಮೆಲ್ಲಗೆ ಹೊಳೆ ಕಡೆ ತಿರುಗ್ತು.

"ಬಂದ ಬುದ್ಧಿ! ನಮ್ಮಣ್ಣ ಬಂದ!" ಸಿದ್ದೇಶಿ ಮುಂದೆ ಓಡಿ ಬಾನೆಟ್ಟನ್ನ ಬಾಚಿ ತಬ್ಬಿಕೊಂಡ.

ಗಾಡಿ ಮೊರೀತು. ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಮೊರೀತು. ಒಂದು ಗೇಣೂ ಕದಲಲಿಲ್ಲ.

"ಇಷ್ಟು ರೇಸ್ ಮಾಡ್ತಾವ್ನೆ, ಹೊರಡ್ತಾ ಇಲ್ವಲ್ಲ ಬುದ್ಧಿ, ಯಾಕೆ?"

ಗುರುಗಳು ಅವನ ಭುಜ ಹಿಡಿದ್ರು.

"ತಮ್ಮನ ಮೇಲೆ ಹೆಂಗೋ ಹತ್ತಿಸ್ತಾನೆ? ಪಕ್ಕಕ್ಕೆ ಬಾ, ಮಗ."